371ಜೆ: ರಾಷ್ಟ್ರಪತಿ ಆದೇಶಕ್ಕ ಲಗಾಮು ಯಾರ ಕೈಯಾಗ?

ಶಹಾಪುರದವ
ನಮ್ಮ ಕಲ್ಯಾಣ ಕರ್ನಾಟಕಕ್ಕ ಸಂವಿಧಾನದ 371ಜೆ ಕಲಮಿನಡಿ ಸಿಕ್ಕ ಮೀಸಲಾತಿ ನಿಂತದ್ದು ರಾಷ್ಟ್ರಪತಿಗಳ ಆದೇಶದ ಮ್ಯಾಲೆ ಅಂತಾರ. ಹಂಗಾದ್ರ ನಾಳೆ ಒಂದು ಸಹಿ ಬಿದ್ರ ಎಲ್ಲಾ ಹೋಗತದೇನು? ಸಂಸತ್ತು, ವಿಧಾನಸಭೆ ಇವಕ್ಕ ಕೇಳೋ ಹಕ್ಕು ಎಷ್ಟದ? ಕಲಂ ಸಹಿತ ಹೇಳ್ರಿ.

ಭೀಮಾತೀರ
ಮೂರು ಪದರ ಅದಾವ್ರಿ, ಬೆರೆಸಬ್ಯಾಡ್ರಿ.

ಮ್ಯಾಲಿಂದು 371ಜೆ ಕಲಂ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನದಾಗ ಸೇರ್ಯದ. ರಾಷ್ಟ್ರಪತಿ ಇದನ್ನ ಮುಟ್ಟಂಗಿಲ್ಲ. ತೆಗೀಬೇಕಂದ್ರ 368ರ ಪ್ರಕಾರ ಎರಡೂ ಸದನದಾಗ ಒಟ್ಟು ಸದಸ್ಯಬಲದ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರಾಗ ಮೂರರಾಗ ಎರಡು ಪಾಲು ಬೇಕು. ಅರ್ಧದಷ್ಟು ರಾಜ್ಯಗಳ ಒಪ್ಪಿಗೀನೂ ಬೇಕು ಅಂತ ಗೈಡಿನಾಗ ಬರೀತಾರ, ಅದು ತಪ್ಪು. 368(2)ರ ಆ ಪಟ್ಟಿಯಾಗ 371ಜೆ ಇಲ್ಲ.

ನಡುವಿಂದು ಆ ಕಲಮಿನಡಿ ರಾಷ್ಟ್ರಪತಿ ಹೊರಡಿಸಿದ ಆದೇಶ. ಅದು ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಡ್ತದ. ಸಡಿಲ ಜಾಗ ಇದೇ. 367ನೇ ಕಲಂ ಮೂಲಕ ಜನರಲ್ ಕ್ಲಾಸಸ್ ಆಕ್ಟ್ (ಕಾನೂನುಗಳನ್ನ ಹೆಂಗ ಓದಬೇಕು ಅಂತ ಹೇಳೋ ಕಾಯ್ದೆ) ಅನ್ವಯ ಆಗತದ. ಅದರ 21ನೇ ಸೆಕ್ಷನ್ ಪ್ರಕಾರ ಆದೇಶ ಹೊರಡಿಸಿದವರಿಗೆ ಬದಲಿಸೋ, ವಾಪಸ್ ತಗೊಳ್ಳೋ ಅಧಿಕಾರನೂ ಅದ. ಸಂಸತ್ತಿನ ಮತ ಬೇಕಿಲ್ಲ. ಆದ್ರ ರಾಷ್ಟ್ರಪತಿ ಸ್ವಂತ ಮನಸ್ಸಿನಿಂದ ಮಾಡಂಗಿಲ್ಲ. 74ನೇ ಕಲಂ ಪ್ರಕಾರ ಸಂಪುಟದ ಸಲಹೆಯಂತೆ ನಡೀಬೇಕು. ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು, ಅದೇ ಸಲಹೆ ಮತ್ತ ಬಂದ್ರ ಒಪ್ಪಲೇಬೇಕು. ಆ ಸಂಪುಟ 75(3)ರ ಪ್ರಕಾರ ಲೋಕಸಭೆಗೆ ಉತ್ತರ ಕೊಡ್ತದ. ಹಂಗಾಗಿ ಜುಟ್ಟು ಹಿಡಿಯೋದು ಅಲ್ಲಿ.

ಕೆಳಗಿಂದು ರಾಜ್ಯಪಾಲರ ಆದೇಶ, ರಾಜ್ಯದ ನಿಯಮ. ಸರ್ಕಾರಿ ಹುದ್ದೆಗಳಾಗ ಗ್ರೂಪ್ ಸಿಗೆ 80%, ಡಿಗೆ 85% ಮೀಸಲು ಇವೆಲ್ಲ ಇಲ್ಲಿಯವು. ದಿನನಿತ್ಯದ ರೋಸ್ಟರ್ (ಯಾವ ಹುದ್ದೆ ಯಾರಿಗೆ ಮೀಸಲು ಅನ್ನೋ ಸರದಿ ಪಟ್ಟಿ) ತಕರಾರೂ ಇಲ್ಲಿಯದೇ, ದೆಹಲಿಯದಲ್ಲ.

ಬಿದರಿ ಕುಸುರಿ
ವಿಧಾನಸಭೆಯ ಪಾಲು ಸೇರಿಸ್ತೀನಿ. ನಮ್ಮ ಭಾಗದ ಅಭಿವೃದ್ಧಿ ಮಂಡಳಿ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆ ಮುಂದ ಇಡಬೇಕು ಅಂತ 371ಜೆ(1)(ಎ)ದಾಗೇ ಅದ. ಇಡಬೇಕು ಅಂತದ, ಚರ್ಚಿಸಬೇಕು ಅಂತಿಲ್ಲ, ತಾರೀಖೂ ಇಲ್ಲ. ಕಾಗದದ ಗಂಟಿನಾಗ ಮಂಡಿಸಿ ಕೈತೊಳಕೊಂಡ್ರೂ ಕಲಂ ಪಾಲಿಸಿದಂಗೇ.

ಶಾಸಕರ ಕಡೆಯಿಂದ ಕೇಳಿಸೋದಿದ್ರ ಚುಕ್ಕೆ ಗುರುತಿನ ಪ್ರಶ್ನೆನೇ ಹಾಕಿಸ್ರಿ. ಸದನದಾಗ ಉಪಪ್ರಶ್ನೆ ಎತ್ತಬಹುದು. ಚುಕ್ಕೆ ಇಲ್ಲದ್ದಕ್ಕ ಲಿಖಿತ ಉತ್ತರ ಅಷ್ಟೇ. ಪ್ರಶ್ನೆ ಬರಿಯೋದ್ರಾಗೇ ಎಡವೋದು ಹೆಚ್ಚು. "ಅನುದಾನ ಬಿಡುಗಡೆ ಆಗಿದೆಯೇ" ಅಂದ್ರ "ಆಗಿದೆ" ಅಂತ ಬರ್ತದ, ಮುಗೀತು. ಬಿಡುಗಡೆ ಬ್ಯಾರೆ, ಖರ್ಚು ಬ್ಯಾರೆ. ಮಾರ್ಚ್ 31ಕ್ಕ ಮಂಡಳಿ ಮತ್ತು ಕಾಮಗಾರಿ ಏಜೆನ್ಸಿಗಳ ಖಾತೆಯಾಗ ಉಳಿದದ್ದೆಷ್ಟು, ಮಂಜೂರಾದ ಕಾಮಗಾರಿ ಎಷ್ಟು, ಮುಗಿದದ್ದೆಷ್ಟು ಅಂತ ತಾಲ್ಲೂಕುವಾರು ಕೇಳ್ಬೇಕು.

ಕಾಗಿಣಾ
356ರ ಜೊತೆ ಇಟ್ಟು ನೋಡಿದ್ರ ಕೊರತೆ ಕಾಣ್ತದ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಎರಡು ತಿಂಗಳೊಳಗ ಎರಡೂ ಸದನ ಒಪ್ಪದಿದ್ರ ತಾನೇ ಬೀಳ್ತದ. 371ಜೆ ಆದೇಶಕ್ಕ ಅಂಥ ಗಡುವೇ ಇಲ್ಲ.

1989ರ ಏಪ್ರಿಲ್ 21ಕ್ಕ ಇದೇ 356ರಡಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆದಾಗ ಸದನದಾಗ ಬಲ ಸಾಬೀತು ಮಾಡ್ತೀನಿ ಅಂದ್ರೂ ಅವಕಾಶ ಕೊಡಲಿಲ್ಲ. 1994ರ ಮಾರ್ಚ್ 11ಕ್ಕ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳ್ತು: ಬಹುಮತ ತೂಗೋ ತಕ್ಕಡಿ ಸದನ, ರಾಜಭವನ ಅಲ್ಲ, ಸಂಸತ್ತು ಒಪ್ಪೋತನಕ ವಿಧಾನಸಭೆ ಅಮಾನತಿನಾಗ ಇಡಬಹುದು, ವಿಸರ್ಜಿಸಂಗಿಲ್ಲ.

ಶಹಾಪುರದವ
371ಜೆ ಆದೇಶನೇ ವಾಪಸ್ ತಗೊಂಡ್ರ ಕೋರ್ಟಿಗೆ ಹೋಗಬಹುದಾ?

ಕಾಗಿಣಾ
ಹೋಗಬಹುದು. 226ರಡಿ ಕಲಬುರಗಿ ಹೈಕೋರ್ಟ್ ಪೀಠದಾಗೇ ರಿಟ್ ಹಾಕ್ರಿ. ಸಂಪುಟ ಏನು ಸಲಹೆ ಕೊಟ್ಟಿತು ಅಂತ ಕೇಳಬ್ಯಾಡ್ರಿ, ಅದನ್ನ ಕೋರ್ಟ್ ವಿಚಾರಿಸಂಗಿಲ್ಲ ಅನ್ನೋ 74(2) ಅಡ್ಡ ಬರ್ತದ. ಯಾವ ದಾಖಲೆ ನೋಡಿ ಸಲಹೆ ಕೊಟ್ಟರು ಅಂತ ಕೇಳ್ರಿ. ಆ ಬಾಗಿಲು ತೆರೆದದ್ದೂ ಬೊಮ್ಮಾಯಿ ತೀರ್ಪೇ.