ಐವಿ ಬಳ್ಳಿಯ ಬಾರ್ಡರ್: ಮೂಲೆಯಲ್ಲಿ ಅಲೆ ಕೂಡುತ್ತಿಲ್ಲ, ಎಲೆ ಚಪ್ಪಟೆ ಕಾಣುತ್ತಿದೆ

ಎಳೆಬಿಡಿ:
90 ಸೆಂ.ಮೀ. ಚೌಕದ ಲಿನನ್ ಮೇಜುವಸ್ತ್ರ. ಅಂಚಿನಿಂದ 8 ಸೆಂ.ಮೀ. ಒಳಗೆ ಸುತ್ತಲೂ ಅಲೆಯಂತೆ ಸಾಗುವ ಐವಿ ಬಳ್ಳಿ, ಕ್ರೂಯೆಲ್ ಉಣ್ಣೆ ದಾರದಲ್ಲಿ. ಶೈಲಿ 1880ರ ಆಸುಪಾಸಿನ ಇಂಗ್ಲಿಷ್ ಕಸೂತಿಯದು. ಒಂದು ಪೂರ್ತಿ ಅಲೆಗೆ 12 ಸೆಂ.ಮೀ. ಇಟ್ಟಿದ್ದೇನೆ, ಮೂಲೆಗೆ ಬರುವಾಗ ಅರ್ಧದಲ್ಲೇ ತುಂಡಾಗುತ್ತದೆ. ಉದ್ದ-ಗಿಡ್ಡ ಹೊಲಿಗೆಗಳ ಲಾಂಗ್ ಅಂಡ್ ಶಾರ್ಟ್‌ನಲ್ಲಿ ತುಂಬಿದ ಎಲೆ ಕಾಗದ ಕತ್ತರಿಸಿ ಅಂಟಿಸಿದಂತಿದೆ, ಸುತ್ತಲಿನ ಬಟ್ಟೆ ಸುಕ್ಕುಗಟ್ಟಿದೆ. ಮೂಲೆಗೆ ಕಾಯಿಗೊಂಚಲು ಸಾಕೇ, ಅಥವಾ ಕಡುಗುಲಾಬಿ ಬಣ್ಣದ ರೋಜಾ ಹೂ ಇಡಲೇ?

ಮೂಲೆಗೆರೆ:
ಲೆಕ್ಕ ಮೂಲೆಯಿಂದ ಶುರುವಾಗಬೇಕು, ನೀವು ಅಲೆಯಿಂದ ಶುರು ಮಾಡಿದ್ದೀರಿ. ಬಳ್ಳಿಯ ನಡುಗೆರೆ ಅಂಚಿಗಿಂತ 8 ಸೆಂ.ಮೀ. ಒಳಗಿದ್ದರೆ ಆ ಚೌಕದ ಒಂದು ಬದಿ 74 ಸೆಂ.ಮೀ. ಪ್ರತಿ ಮೂಲೆಯ ಚಿತ್ರಕ್ಕೆ ಎರಡೂ ಕಡೆ 10 ಸೆಂ.ಮೀ. ಬಿಟ್ಟರೆ ಉಳಿಯುವುದು 54, ಬದಿಯ ಮಧ್ಯದಿಂದ ಒಂದೊಂದು ಕಡೆಗೆ 27. ನಿಮ್ಮ 12ರ ಅಲೆಯಲ್ಲಿ ಅರ್ಧ ಅಲೆ ಎಂದರೆ 6 ಸೆಂ.ಮೀ. 27ಕ್ಕೆ ಅದು ನಾಲ್ಕೂವರೆ ಸಲ ಹೋಗುತ್ತದೆ. ಆದ್ದರಿಂದಲೇ ಬಳ್ಳಿ ನಡುಗೆರೆಗೆ ಮರಳದೆ ಉಬ್ಬಿನ ನೆತ್ತಿಯಲ್ಲೇ ಮೂಲೆಗೆ ತಾಗಿ ತುಂಡಾಗುತ್ತಿದೆ.

ಅರ್ಧ ಅಲೆಯನ್ನು 5.4ಕ್ಕೆ ಇಳಿಸಿ, ಸರಿಯಾಗಿ ಐದು ಕೂರುತ್ತವೆ. ಪೂರ್ತಿ ಅಲೆ 10.8, 12ಕ್ಕೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಬದಿಯ ಮಧ್ಯದಲ್ಲಿ ಎರಡು ಕಾಂಡಗಳನ್ನು ಅಡ್ಡಡ್ಡ ಹಾಯಿಸಿ, ಕತ್ತರಿಸಿದ ತುದಿ 1 ಸೆಂ.ಮೀ. ಹೊರಗುಳಿಯಲಿ. ಅಲ್ಲಿಂದ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಬೆಳೆಯಲಿ. ಮೊದಲ ಉಬ್ಬು ಬಟ್ಟೆಯ ಒಳಕ್ಕೆ ಬಾಗಬೇಕು. ಆಗ ಐದನೆಯದೂ ಒಳಕ್ಕೇ ಬಾಗಿ, ಮೂಲೆಯ ತಿರುವು ತಾನಾಗಿ ಹೊರಕ್ಕೆ ಹೋಗಿ ಮೂಲೆಯನ್ನು ತುಂಬುತ್ತದೆ. ಉಲ್ಟಾ ಮಾಡಿದರೆ ಮೂಲೆ ಬೋಳಾಗುತ್ತದೆ.

ಮೂಲೆ ಹೇಗೆ ಕಾಣುತ್ತದೆಂದು ನೋಡಲು ಚೌಕಟ್ಟಿಲ್ಲದ ಚಿಕ್ಕ ಕನ್ನಡಿಯನ್ನು ಚಿತ್ರದ ಮೇಲೆ 45 ಡಿಗ್ರಿ ಓರೆಯಲ್ಲಿ ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಸರಿಸಿ. ಚೆನ್ನಾಗಿ ಕೂಡಿದ ಜಾಗದಲ್ಲಿ ಗೆರೆ ಎಳೆಯಿರಿ. ಕಾಲು ಭಾಗ ಬಿಡಿಸಿದರೆ ಸಾಕು, ಉಳಿದದ್ದು ಅದೇ ಕಾಗದ ಮಗುಚಿದರೆ ಬರುತ್ತದೆ. ಚಿತ್ರವನ್ನು ಬಟ್ಟೆಗೆ ಇಳಿಸಲು ಕಾಗದದ ಗೆರೆಯುದ್ದಕ್ಕೂ 1.5 ಮಿ.ಮೀ.ಗೊಂದು ಸೂಜಿತೂತು ಹಾಕಿ, ಹಿಂಬದಿಯ ಉಬ್ಬನ್ನು ಉಪ್ಪುಕಾಗದದಿಂದ ತೀಡಿ. ಇಲ್ಲದಿದ್ದರೆ, ಕಾಗದವನ್ನು ಬಟ್ಟೆಯ ಮೇಲಿಟ್ಟು ಉಜ್ಜುವ ಇದ್ದಿಲ ಪುಡಿ ತೂತಿನಲ್ಲಿ ಇಳಿಯುವುದಿಲ್ಲ. ಪುಡಿ ಬಿದ್ದ ಚುಕ್ಕೆಗಳನ್ನು ತೆಳು ಬ್ರಷ್‌ನಲ್ಲಿ ಜಲವರ್ಣದಿಂದ ಕೂಡಿಸಿ, ಒಣಗಿದ ಮೇಲೆ ಪುಡಿ ಕೊಡವಿ.

ಸೂಜಿಮೊನೆ:
ಎಲೆ ಚಪ್ಪಟೆಯಾಗಲು ಕಾರಣ ಬಹುಶಃ ಹೊಲಿಗೆಗಳೆಲ್ಲ ಒಂದೇ ದಿಕ್ಕಿನಲ್ಲಿರುವುದು. ಐವಿ ಎಲೆಗೆ ಐದು ಹಾಲೆ, ಅಂದರೆ ಬೆರಳಿನಂತೆ ಚಾಚಿದ ಭಾಗ. ಐದರ ನರವೂ ತೊಟ್ಟು ಸೇರುವ ಒಂದೇ ಬಿಂದುವಿನಿಂದ ಹೊರಡುತ್ತದೆ. ಒಂದೊಂದು ಹಾಲೆಯನ್ನೂ ಬೇರೆ ಎಲೆಯೆಂದೇ ಎಣಿಸಿ, ಹೊಲಿಗೆ ಅಂಚಿನಿಂದ ಆ ಹಾಲೆಯ ನರದ ಕಡೆಗೆ, ತುಸು ತೊಟ್ಟಿನತ್ತ ವಾಲಿ ಬರಲಿ. ಹೊಲಿಯುವ ಮುಂಚೆ ಪೆನ್ಸಿಲ್‌ನಲ್ಲಿ ದಿಕ್ಕಿನ ಗೆರೆಗಳನ್ನು ಹಾಕಿಕೊಳ್ಳಿ. 3.5 ಸೆಂ.ಮೀ. ಎಲೆಗೆ ದಾರ ಒಂದೇ ಎಳೆ ಇರಲಿ, ಎರಡಾದರೆ ಎಲೆ ಊದಿಕೊಳ್ಳುತ್ತದೆ. ಅಂಚಿನ ಸಾಲು 8 ಮತ್ತು 5 ಮಿ.ಮೀ. ಒಂದು ಬಿಟ್ಟು ಒಂದು; ಎರಡನೆಯ ಸಾಲು ಮೊದಲ ಸಾಲಿನ ಎಳೆಯನ್ನು ಸೀಳಿಕೊಂಡು ಮೇಲೆ ಬರಬೇಕು, ಪಕ್ಕದ ಸಂದಿನಿಂದಲ್ಲ. ಹಾಲೆಗಳ ನಡುವೆ 1 ಮಿ.ಮೀ. ಬಟ್ಟೆ ಖಾಲಿ ಬಿಟ್ಟರೆ ನರ ಹೊಲಿಯುವ ಕೆಲಸವೇ ಇಲ್ಲ.

ಕಾಂಡಕ್ಕೆ ಸ್ಟೆಮ್ ಸ್ಟಿಚ್, ಹಗ್ಗದ ಹುರಿಯಂತೆ ಸಾಗುವ ಗೆರೆ ಹೊಲಿಗೆ. ದಾರ ಸೂಜಿಯ ಯಾವ ಬದಿಗಿದೆಯೋ ಕೊನೆಯವರೆಗೂ ಅದೇ ಬದಿಗಿರಲಿ. ಅಲೆ ಈ ಕಡೆ ಬಾಗಿತೆಂದು ಬದಿ ಬದಲಿಸಿದರೆ ಹಗ್ಗದ ಹುರಿ ನಡುವೆ ಮುರಿದಂತೆ ಕಾಣುತ್ತದೆ. ಹೊಲಿಗೆಯ ಉದ್ದ ನೇರದಲ್ಲಿ 5 ಮಿ.ಮೀ., ತಿರುವಿನಲ್ಲಿ 3.

ಸುಕ್ಕು ಬಂದಿದ್ದರೆ ಮೊದಲು ಫ್ರೇಮ್ ನೋಡಿ. ಬಟ್ಟೆ ಬೆರಳಲ್ಲಿ ತಟ್ಟಿದರೆ ಸದ್ದು ಬರುವಷ್ಟು ಬಿಗಿಯಿರಬೇಕು, ದಾರ ಮಾತ್ರ ಬಟ್ಟೆಯ ಮೇಲೆ ಮಲಗಬೇಕು, ಎಳೆಯಬಾರದು. ಸೂಜಿಯ ತೂತು ಚಿಕ್ಕದಾದರೆ ಉಣ್ಣೆ ತೂರುವಾಗ ಸವೆದು ಬಿಗಿಯಾಗುತ್ತದೆ. ದಾರ 40 ಸೆಂ.ಮೀ.ಗಿಂತ ಉದ್ದ ಬೇಡ. ಈಗಾಗಲೇ ಆದ ಸುಕ್ಕಿಗೆ ಇಸ್ತ್ರಿ ಹಾಕಬೇಡಿ, ಉಣ್ಣೆ ಚಪ್ಪಟೆಯಾಗುತ್ತದೆ. ಹಲಗೆಯ ಮೇಲೆ ಚೌಕವಾಗಿ ಎಳೆದು ತುಕ್ಕು ಹಿಡಿಯದ ಪಿನ್ ಚುಚ್ಚಿ, ಹಿಂಬದಿಗೆ ನೀರು ಚಿಮುಕಿಸಿ, ಪೂರ್ತಿ ಒಣಗುವವರೆಗೆ ಬಿಡಿ. ಬಣ್ಣ ಬಿಡುತ್ತದೆಯೇ ಎಂದು ಮೊದಲೇ ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ.

ಹಳೆನೂಲು:
ರೋಜಾ ಬೇಡ. ನೆರಳು-ಬೆಳಕು ಕೊಟ್ಟ ಢಾಳಾದ ರೋಜಾ ಬರ್ಲಿನ್ ಉಣ್ಣೆ ಕೆಲಸದ್ದು: ಚೌಕುಳಿ ನಕ್ಷೆ ನೋಡಿ ಕ್ಯಾನ್‌ವಾಸ್ ಮೇಲೆ ಎಣಿಸಿ ಹೊಲಿಯುವುದು. 1856ರಲ್ಲಿ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಪರ್ಕಿನ್ ಮಾವ್ ಎಂಬ ನೇರಳೆ ಬಣ್ಣ ಕಂಡುಹಿಡಿದ ಮೇಲೆ ಬಂದ ಅನಿಲೀನ್ ಎಂಬ ಕೃತಕ ಬಣ್ಣಗಳು ಅದನ್ನು ಇನ್ನೂ ಕಣ್ಣು ಕುಕ್ಕುವಂತೆ ಮಾಡಿದವು. ನೀವು ಹಿಡಿದಿರುವ ದಾರಿ ಅದಕ್ಕೆ ಎದುರಾಗಿ ಹುಟ್ಟಿದ್ದು. 1872ರಲ್ಲಿ ಲಂಡನ್‌ನಲ್ಲಿ ಶುರುವಾಗಿ ಮುಂದೆ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಎನಿಸಿಕೊಂಡ ಶಾಲೆ, 1885ರಿಂದ ವಿನ್ಯಾಸಗಾರ ವಿಲಿಯಂ ಮಾರಿಸ್ ಅವರ ಮಗಳು ಮೇ ಮಾರಿಸ್ ನೋಡಿಕೊಂಡ ಮಾರಿಸ್ ಕಂಪನಿಯ ಕಸೂತಿ ವಿಭಾಗ, ಎರಡೂ ಈ ಕಡೆಯವು. ಇಲ್ಲಿ ಬಣ್ಣ ತಗ್ಗಿದ್ದು, ಎಲೆ ಬಟ್ಟೆಯ ಮೇಲೆ ಹರಡಿಕೊಳ್ಳುತ್ತದೆ, ಗಿಡದ ಬೆಳವಣಿಗೆ ಮಾತ್ರ ಖಚಿತ. ಬೂದುಹಸಿರು, ಎಣ್ಣೆಹಸಿರು, ಹಳದಿ ಬೆರೆತ ಹಸಿರು ಸೇರಿ ಮೂರು ಛಾಯೆ ಸಾಕು.

ಕಾಯಿಗೊಂಚಲೇ ಸರಿ, ಆದರೆ ಒಂದು ಎಚ್ಚರಿಕೆ. ಐವಿಯಲ್ಲಿ ಹಾಲೆಯಿರುವ ಎಲೆ ಹಬ್ಬುವ ಕೊಂಬೆಯದು. ಹೂ ಕಾಯಿ ಬಿಡುವ ಕೊಂಬೆಯಲ್ಲಿ ಎಲೆಗೆ ಹಾಲೆಯೇ ಇರುವುದಿಲ್ಲ, ಮೊಟ್ಟೆಯಾಕಾರ, ತುದಿ ಮಾತ್ರ ಚೂಪು. ಹಾಲೆಯೆಲೆಯ ಪಕ್ಕದಲ್ಲೇ ಗೊಂಚಲು ನೇತುಹಾಕಿದರೆ ಗಿಡ ಬಲ್ಲವರಿಗೆ ಕೂಡಲೇ ತಪ್ಪು ಕಾಣುತ್ತದೆ. ಮೂಲೆಯ 10 ಸೆಂ.ಮೀ.ನಲ್ಲಿ ಹಾಲೆಗಳು ಕ್ರಮೇಣ ಕಿರಿದಾಗುತ್ತಾ ಹೋಗಿ, ಗೊಂಚಲಿನ ಬಳಿ ಮೂರು ಸಾದಾ ಎಲೆ ಇರಲಿ. ಎಲ್ಲ ಕಾಯಿಯ ತೊಟ್ಟೂ ಒಂದೇ ಬಿಂದುವಿನಿಂದ ಹೊರಡಬೇಕು. 4 ಮಿ.ಮೀ. ಕಾಯಿ ಒಂಬತ್ತು, ಒಳಗೆ ಅಡ್ಡ ಹೊಲಿಗೆಯ ಒತ್ತು ಕೊಟ್ಟು ಮೇಲೆ ಸ್ಯಾಟಿನ್ ಸ್ಟಿಚ್ (ಪಕ್ಕಪಕ್ಕ ಒತ್ತಾಗಿ ತುಂಬುವ ನೇರ ಹೊಲಿಗೆ), ಕಡುನೀಲಿಗಪ್ಪು. ಉಣ್ಣೆಯಲ್ಲಿ ಫ್ರೆಂಚ್ ನಾಟ್ (ಸೂಜಿಗೆ ದಾರ ಸುತ್ತಿ ಹಾಕುವ ಗಂಟು) ಹಾಕಿದರೆ ಬ್ಲ್ಯಾಕ್‌ಬೆರಿಯಂತೆ ಕಾಣುತ್ತದೆ.

ಎಳೆಬಿಡಿ:
5.4ರಲ್ಲಿ ಕಾಗದದ ಮೇಲೆ ಬಿಡಿಸಿದೆ, ಮೂಲೆ ತುಂಬಿತು. ಮಧ್ಯದಲ್ಲಿ ಕಾಂಡ ಅಡ್ಡ ಹಾಯುವಲ್ಲಿ ಹೊಲಿಗೆ ಒಂದರ ಮೇಲೊಂದು ಬಂದು ದಪ್ಪವಾಗುವುದಿಲ್ಲವೇ?

ಸೂಜಿಮೊನೆ:
ಆಗುತ್ತದೆ. ಕೆಳಗಿನ ಕಾಂಡವನ್ನು ಮೇಲಿನದರ ಗೆರೆಗೆ 1 ಮಿ.ಮೀ. ಮುಂಚೆಯೇ ನಿಲ್ಲಿಸಿ, ಆಚೆ ಬದಿಯಿಂದ ಮತ್ತೆ ಶುರು ಮಾಡಿ. ದಾರವನ್ನು ಹಿಂಬದಿಯಲ್ಲಿ ದಾಟಿಸಬಹುದು.