ತೂತಿನ ಕಾಸು ಮತ್ತು ಅಯಸ್ಕಾಂತಕ್ಕೆ ಅಂಟುವ ಸೆಂಟ್

ಆತ್ಮೀಯರೆ,

ಮಕ್ಕಳಲ್ಲಿ ನಾಣ್ಯ ಸಂಗ್ರಹದ ಆಸಕ್ತಿ ಮೂಡಿಸಲು ಮೊದಲು ಯಾವ ಸೆಟ್ ಕೊಡಿಸಬೇಕು ಎಂದು ಕೇಳಿದವರಿಗೆ ನನ್ನ ಸಲಹೆ, ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ ಎಂಬುದು. ಎರಡು ವರ್ಷಗಳ ಹಿಂದೆ ಮಗಳ ಹುಟ್ಟುಹಬ್ಬಕ್ಕೆ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಭದ್ರವಾಗಿ ಕೂರಿಸಿದ್ದ ಹೊಸ ನಾಣ್ಯಗಳ ಸೆಟ್ಟೊಂದನ್ನು ನಾವು ತಂದುಕೊಟ್ಟಿದ್ದೆವು. ಅವಳು ಒಮ್ಮೆ ನೋಡಿ ಕಪಾಟಿನಲ್ಲಿಟ್ಟಳು. ಅದರಲ್ಲಿ ಅವಳು ಹುಡುಕುವುದಕ್ಕೆ ಏನೂ ಉಳಿದಿರಲಿಲ್ಲ. ನಿಜವಾದ ಕುತೂಹಲ ಹುಟ್ಟಿದ್ದು ಕಳೆದ ಬೇಸಿಗೆಯಲ್ಲಿ, ತಿಪಟೂರಿನಿಂದ ನ್ಯೂಜೆರ್ಸಿಗೆ ಬಂದಿದ್ದ ನಮ್ಮ ಅತ್ತೆಯವರು ತಮ್ಮ ಎಲೆಅಡಿಕೆ ಚೀಲದ ಒಳಜೇಬಿನಿಂದ ನಡುವೆ ತೂತಿರುವ ಕಂದು ಬಣ್ಣದ ಕಾಸೊಂದನ್ನು ತೆಗೆದು ಮೊಮ್ಮಗಳ ಅಂಗೈಯಲ್ಲಿ ಇಟ್ಟ ದಿನ.

ಅದರ ಮೇಲೆ 1943 ಎಂಬ ಇಸವಿ ಇತ್ತು. ತೂತು ಏಕೆ ಎಂದು ಮಗಳು ಕೇಳಿದಾಗ, ಅದು ಯುದ್ಧದ ಕಾಲ, ಲೋಹ ಉಳಿಸಬೇಕಾಗಿತ್ತು ಎಂದು ಅಜ್ಜಿ ಹೇಳಿದರು. ತಮ್ಮ ತಮ್ಮನ ಉಡಿದಾರದಲ್ಲಿ ಇಂಥದ್ದೇ ಒಂದು ಕಾಸು ಪೋಣಿಸಿತ್ತು ಎಂಬುದನ್ನೂ ನೆನಪಿಸಿಕೊಂಡರು. ಉಡಿದಾರ ಎಂದರೇನು ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ಅದೇ 1943ರಲ್ಲಿ ಅಮೆರಿಕವೂ ಯುದ್ಧಕ್ಕಾಗಿ ತಾಮ್ರವನ್ನು ಉಳಿಸಲು ಒಂದು ಸೆಂಟ್ ನಾಣ್ಯವನ್ನು ಸತುವಿನ ಲೇಪನವಿರುವ ಉಕ್ಕಿನಲ್ಲಿ ಟಂಕಿಸಿತ್ತೆಂಬುದು ನನಗೆ ಗೊತ್ತಿತ್ತು. ಆ ಸೆಂಟ್ ಅಂಥ ಅಪರೂಪದ್ದೇನಲ್ಲ. ಹತ್ತಿರದ ನಾಣ್ಯದ ಅಂಗಡಿಯಲ್ಲಿ ಅಗ್ಗಕ್ಕೇ ಸಿಕ್ಕಿತು. ಅದನ್ನು ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತದ ಹತ್ತಿರ ಹಿಡಿದಾಗ ಅದು ಟಕ್ಕನೆ ಅಂಟಿಕೊಂಡದ್ದನ್ನೂ, ಉಳಿದ ಸೆಂಟ್‌ಗಳು ಅಂಟದೆ ಜಾರಿಬಿದ್ದದ್ದನ್ನೂ ಕಂಡ ಮೇಲೆ, ನನ್ನ ಮಕ್ಕಳಿಗೆ ಎರಡನೆಯ ಮಹಾಯುದ್ಧ ಪಾಠದ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. ಒಂದು ಯುದ್ಧ, ಎರಡು ದೇಶ, ತಾಮ್ರದ ಒಂದೇ ಕೊರತೆ. ಒಂದು ಕಡೆ ತೂತು, ಇನ್ನೊಂದು ಕಡೆ ಉಕ್ಕು. ಆ ಎರಡು ನಾಣ್ಯಗಳು ಈಗ ಆಲ್ಬಮ್ಮಿನ ಮೊದಲ ಪುಟದಲ್ಲಿ ಅಕ್ಕಪಕ್ಕದಲ್ಲಿವೆ.

ಅತ್ತೆಯವರು ಹುಟ್ಟಿದ್ದು 1947ರಲ್ಲಿ. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂದಾಗ ಅವರಿಗೆ ಹತ್ತು ವರ್ಷ. ಒಂದಾಣೆಗೆ 6 ನಯಾಪೈಸೆ, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂಬ ಲೆಕ್ಕವನ್ನು ಅವರು ಇಂದಿಗೂ ತಡವರಿಸದೆ ಹೇಳುತ್ತಾರೆ. ಒಂದೊಂದಾಣೆಯಂತೆ ನಾಲ್ಕು ಸಲ ಕೊಟ್ಟರೆ 24, ಒಟ್ಟಿಗೆ ಕೊಟ್ಟರೆ 25. ಹಾಗಾದರೆ ಒಂದು ಪೈಸೆ ಎಲ್ಲಿ ಹೋಯಿತು ಎಂದು ಮಗಳು ಕಾಗದದ ಮೇಲೆ ಅರ್ಧ ಗಂಟೆ ಲೆಕ್ಕ ಹಾಕಿದಳು. ರೂಪಾಯಿಗೆ ಹದಿನಾರಾಣೆ ಎಂದು ತಿಳಿದ ಮೇಲೆ ‘ಹದಿನಾರಾಣೆ ಸತ್ಯ’ ಎಂಬ ಮಾತಿನ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಕಾಸು, ದುಡ್ಡು, ಹಣ ಎಂದು ನಾವು ದಿನವೂ ಆಡುವ ಮೂರು ಮಾತುಗಳೂ ಒಂದು ಕಾಲದಲ್ಲಿ ಬೇರೆ ಬೇರೆ ನಾಣ್ಯಗಳ ಹೆಸರುಗಳಾಗಿದ್ದವು ಎಂದಾಗ ಮಕ್ಕಳಿಬ್ಬರೂ ಬೆರಗಾದರು. ಅಜ್ಜ ಅಜ್ಜಿಯರು ಆರು ತಿಂಗಳ ಮಟ್ಟಿಗೆ ಬಂದಾಗ ಮೊಮ್ಮಕ್ಕಳೊಡನೆ ಏನು ಮಾತನಾಡಬೇಕೆಂದು ತಿಳಿಯದೆ ಟಿವಿಯ ಮುಂದೆ ಕುಳಿತುಬಿಡುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ದಯವಿಟ್ಟು ಅವರ ಹಳೆಯ ಡಬ್ಬಿಯಲ್ಲಿರುವ ಚಿಲ್ಲರೆಯನ್ನು ತರಲು ಹೇಳಿ. 1, 2, 3 ಪೈಸೆಗಳ ಹಗುರವಾದ ಅಲ್ಯೂಮಿನಿಯಂ ಬಿಲ್ಲೆಗಳಲ್ಲಿ ಒಂದು ಚೌಕ, ಒಂದು ಅಲೆಅಲೆಯ ಅಂಚಿನದು, ಒಂದು ಆರು ಮೂಲೆಯದು. ಆರು ವರ್ಷದ ನನ್ನ ಮಗ ಇಸವಿ ಓದಲು ಬಾರದಿದ್ದಾಗಲೇ ಆಕಾರ ನೋಡಿ ಇವನ್ನು ವಿಂಗಡಿಸುತ್ತಿದ್ದ. ಇನ್ನೂ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮಾತ್ರ ನಾಣ್ಯಗಳನ್ನು ಕೈಗೆಟುಕದಂತೆ ಇಡಬೇಕು, ಏಕೆಂದರೆ ಅವು ಬಾಯಿಗೆ ಹೋಗುತ್ತವೆ.

ಇಲ್ಲಿನ ನಾಣ್ಯಗಳಿಗಂತೂ ಬ್ಯಾಂಕೇ ಸಾಕು. ಶನಿವಾರಗಳಂದು ಹತ್ತು ಡಾಲರ್ ಕೊಟ್ಟು 40 ಕ್ವಾರ್ಟರ್‌ಗಳ, ಎಂದರೆ 25 ಸೆಂಟ್ ನಾಣ್ಯಗಳ, ಒಂದು ರೋಲ್ ತರುತ್ತೇವೆ, ಬೇಕಾದದ್ದನ್ನು ತೆಗೆದುಕೊಂಡು ಉಳಿದದ್ದನ್ನು ಮತ್ತೆ ಖರ್ಚಿಗೆ ಬಳಸುತ್ತೇವೆ. ಹೀಗಾಗಿ ಈ ಹುಡುಕಾಟಕ್ಕೆ ನಷ್ಟವೆಂಬುದಿಲ್ಲ. 1999ರಿಂದ 2008ರವರೆಗೆ ವರ್ಷಕ್ಕೆ ಐದರಂತೆ ಬಂದ 50 ರಾಜ್ಯಗಳ ಕ್ವಾರ್ಟರ್‌ಗಳು ಇಂದಿಗೂ ಸಿಗುತ್ತವೆ. ಅವು ಆಯಾ ರಾಜ್ಯ ಒಕ್ಕೂಟಕ್ಕೆ ಸೇರಿದ ಕ್ರಮದಲ್ಲಿಯೇ ಬಂದದ್ದರಿಂದ, ಡೆಲವೇರ್ ಮೊದಲು ಮತ್ತು ಹವಾಯಿ ಕೊನೆ ಏಕೆ ಎಂಬುದೇ ಒಂದು ಇತಿಹಾಸದ ಪಾಠ. ನಂತರ ಭೂತಗನ್ನಡಿಯ ಕೆಲಸ ಶುರುವಾಗುತ್ತದೆ: ನಾಣ್ಯವನ್ನು ಯಾವ ಟಂಕಸಾಲೆ ಅಚ್ಚುಹಾಕಿತು ಎಂಬ ಗುರುತನ್ನು ಹುಡುಕುವುದು. ಪಿ ಅಕ್ಷರವಿದ್ದರೆ ಫಿಲಡೆಲ್ಫಿಯಾ, ಡಿ ಇದ್ದರೆ ಡೆನ್ವರ್. ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗೆ ನೋಡಬೇಕು. ವಜ್ರಾಕೃತಿ ಮುಂಬೈ ಟಂಕಸಾಲೆಯದು, ನಕ್ಷತ್ರ ಹೈದರಾಬಾದಿನದು, ದುಂಡು ಚುಕ್ಕೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಫಿಲಡೆಲ್ಫಿಯಾದ ಸೆಂಟ್‌ಗಳಲ್ಲಿಯೂ 2017ರ ಒಂದು ವರ್ಷವನ್ನು ಬಿಟ್ಟರೆ ಯಾವ ಅಕ್ಷರವೂ ಇರುವುದಿಲ್ಲ ಎಂಬುದನ್ನು ಮಗಳು ತಾನಾಗಿಯೇ ಗಮನಿಸಿ, ಅದು ಕೋಲ್ಕತ್ತದ ಹಾಗೆಯೇ ಎಂದಳು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸೆಂಟ್‌ಗಳನ್ನು ತೂಗಲು ಕೊಡಿ. 1982ರಲ್ಲಿ ತಾಮ್ರದ ಬದಲು ತಾಮ್ರಲೇಪಿತ ಸತುವು ಬಂದದ್ದರಿಂದ ಸುಮಾರು 3.1 ಗ್ರಾಂ ಇದ್ದ ನಾಣ್ಯ 2.5 ಗ್ರಾಂಗೆ ಇಳಿಯಿತು, ಮತ್ತು ಆ ಒಂದು ವರ್ಷದಲ್ಲಿ ಎರಡೂ ತೂಕದವು ಸಿಗುತ್ತವೆ. 2025ರ ನವೆಂಬರಿನಲ್ಲಿ ಚಲಾವಣೆಗಾಗಿ ಸೆಂಟ್ ಟಂಕಿಸುವುದೇ ನಿಂತಾಗ ಮಕ್ಕಳು ಬೇಸರಪಟ್ಟರು. ನಮ್ಮ ನಾಲ್ಕಾಣೆಯೂ 2011ರಲ್ಲಿ ಹೀಗೆಯೇ ಹೋಯಿತು ಎಂದು ಅಜ್ಜಿ ಫೋನಿನಲ್ಲಿ ಸಮಾಧಾನ ಹೇಳಿದರು.

ಒಂದು ತಪ್ಪನ್ನು ಹೇಳಲೇಬೇಕು. ಅಜ್ಜಿ ಹಿತ್ತಾಳೆಯ ದೀಪವನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವುದನ್ನು ಕಂಡಿದ್ದ ಮಗಳು, ಅವರು ಕೊಟ್ಟಿದ್ದ ಇನ್ನೊಂದು ತೂತಿನ ಕಾಸನ್ನೂ ಹಾಗೆಯೇ ತಿಕ್ಕಿದಳು. ಎಂಬತ್ತು ವರ್ಷಗಳಲ್ಲಿ ಅದಕ್ಕೆ ಬಂದಿದ್ದ ಗಾಢ ಬಣ್ಣ ಹೋಗಿ ಕಾಸು ತಿಳಿಗೆಂಪಾಯಿತು, ಮತ್ತು ಆ ಬಣ್ಣ ಮರಳಿ ಬರುವುದಿಲ್ಲ. ತಪ್ಪು ನನ್ನದು, ನಾಣ್ಯವನ್ನು ತೊಳೆಯಬಾರದು, ಉಜ್ಜಬಾರದು, ಅಂಚಿನಲ್ಲಷ್ಟೇ ಹಿಡಿಯಬೇಕು ಎಂದು ಮೊದಲ ದಿನವೇ ನಾನು ಹೇಳಬೇಕಾಗಿತ್ತು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆಗಳೂ ಕಾಲಾಂತರದಲ್ಲಿ ನಾಣ್ಯವನ್ನು ಕೆಡಿಸುತ್ತವೆ.

ಮಕ್ಕಳಿಗೆ ರುಚಿ ಹತ್ತಿದ ಮೇಲೆ ಊರಿನಿಂದ ವಿಜಯನಗರದ ಚಿನ್ನದ ವರಹವನ್ನೋ, ಮೈಸೂರು ಅರಸರ ಕಾಲದ ಪುಟ್ಟ ಚಿನ್ನದ ನಾಣ್ಯವಾದ ಅಜ್ಜಿಯ ಕಂಠೀರಾಯ ಹಣವನ್ನೋ ತರುವ ಆಸೆ ಯಾರಿಗಾದರೂ ಆಗುತ್ತದೆ. ಹಾಗೆ ಮಾಡಬೇಡಿ. 1972ರ ಪ್ರಾಚ್ಯವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ಅಥವಾ ಅದಕ್ಕಿಂತ ಹಳೆಯದಾದ ನಾಣ್ಯವೂ ಪ್ರಾಚ್ಯವಸ್ತುವೇ ಆಗಿದ್ದು, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಅವು ನಮ್ಮ ನಾಡಿನಲ್ಲೇ ಇರಬೇಕೆಂಬುದು ನನ್ನ ಮನಸ್ಸಿನ ಮಾತೂ ಹೌದು. ರಜೆಗೆ ಹೋದಾಗ ಅವನ್ನು ತೋರಿಸೋಣ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ನಾಣ್ಯಗಳದ್ದೇ ಒಂದು ಸಂಗ್ರಹಾಲಯವನ್ನು ಮಾಡಲಾಗಿದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು, ಚೋಳರಿಂದ ತಲಕಾಡನ್ನು ಗೆದ್ದ ಸುದ್ದಿಯೇ ಕನ್ನಡದಲ್ಲಿ ಅಚ್ಚಾಗಿದೆ. ಅಚ್ಯುತರಾಯನ ವರಹದಲ್ಲಿರುವ ಗಂಡಭೇರುಂಡವನ್ನು ನಮ್ಮ ಮಕ್ಕಳು ಕರ್ನಾಟಕದ ಲಾಂಛನದಲ್ಲಿ ಆಗಲೇ ನೋಡಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲಿ ಕನ್ನಡ, ಇಂಗ್ಲಿಷ್, ಪಾರಸಿ ಮೂರೂ ಇವೆ. ಅದರ ಮೇಲಿನ ‘ಮಯಿಲಿ ಕಾಸು’ ಎಂಬ ಅಕ್ಷರಗಳನ್ನು ನನ್ನ ಮಗಳು ಚಿತ್ರದಲ್ಲಿ ಕಂಡು ಗಟ್ಟಿಯಾಗಿ ಓದಿದಳು, ಮತ್ತು ಶನಿವಾರದ ಕನ್ನಡ ತರಗತಿಗೆ ಹೋಗುವುದಿಲ್ಲವೆಂದು ಅಂದಿನಿಂದ ಅವಳು ಹಟ ಮಾಡಿಲ್ಲ.

ಇದಕ್ಕೆ ಎಷ್ಟು ಬೆಲೆ ಬರುತ್ತದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹೆಚ್ಚಿನವಕ್ಕೆ ಏನೂ ಬರುವುದಿಲ್ಲ ಎಂದು ನೇರವಾಗಿ ಹೇಳಿ. ನಮ್ಮ ಮನೆಯಲ್ಲಿ ಹಾಗೆ ಹೇಳಿದ್ದರಿಂದ ಉತ್ಸಾಹವೇನೂ ಕುಗ್ಗಲಿಲ್ಲ.

ಕೊನೆಯದಾಗಿ ಒಂದು ವಿನಂತಿ. ಘೇಂಡಾಮೃಗದ ಚಿತ್ರವಿರುವ 25 ಪೈಸೆಯಲ್ಲಿ ಹೈದರಾಬಾದಿನ ನಕ್ಷತ್ರ ಇರುವುದೊಂದನ್ನು ಮಗಳು ಮೂರು ತಿಂಗಳಿನಿಂದ ಹುಡುಕುತ್ತಿದ್ದಾಳೆ. ನಿಮ್ಮ ಮನೆಯ ಡಬ್ಬಿಯಲ್ಲಿ ಎರಡು ಇದ್ದರೆ ದಯವಿಟ್ಟು ತಿಳಿಸಿ. ಬದಲಿಗೆ ಕೊಡಲು ಅವಳ ಹತ್ತಿರ 1999ರ ನ್ಯೂಜೆರ್ಸಿ ಕ್ವಾರ್ಟರ್‌ಗಳು ಆರು ಹೆಚ್ಚಿಗೆ ಇವೆ, ಪಿ ಮೂರು, ಡಿ ಮೂರು.