ಮಗಳ ಕನ್ನಡಕದ ಪವರ್ ಏರ್ತಾನೇ ಇದೆ, ಆ ದುಬಾರಿ ಲೆನ್ಸ್ ಹಾಕಿಸಬೇಕಾ?

ತೀರ್ಥಹಳ್ಳಿ ಅಮ್ಮ:
ಮಗಳಿಗೆ 9 ವರ್ಷ, ನಾಲ್ಕನೇ ಕ್ಲಾಸು. ಹೋದ ವರ್ಷ ಬೋರ್ಡ್ ಕಾಣದೆ ಪಕ್ಕದವಳ ಪುಸ್ತಕ ನೋಡಿ ಬರ್ಕೊಳ್ತಿದ್ಲಂತೆ. ಮಿಸ್ ಫೋನ್ ಮಾಡಿದ ಮೇಲೇ ನಮಗೆ ಗೊತ್ತಾಗಿದ್ದು. ಆಗ ಮೈನಸ್ 1.25 ಇತ್ತು. ಮೊನ್ನೆ ಶಿವಮೊಗ್ಗದಲ್ಲಿ ತೋರಿಸಿದ್ರೆ ಎರಡೂ ಕಣ್ಣು ಮೈನಸ್ 2.25! ನನ್ನದು ಮೈನಸ್ 6. ಅವಳೂ ಅಲ್ಲಿಗೇ ಬಂದು ನಿಲ್ತಾಳೇನೋ ಅಂತ ರಾತ್ರಿ ನಿದ್ದೆ ಇಲ್ಲ.

ಪವರ್ ಏರೋದನ್ನ ನಿಧಾನ ಮಾಡೋ ಲೆನ್ಸ್ ಇದೆ ಅಂದ್ರು ಡಾಕ್ಟ್ರು. ಅಂಗಡಿಲಿ 18,000 ಹೇಳಿದ್ರು. ನಮ್ಮತ್ತೆ, ಸದಾ ಕನ್ನಡಕ ಹಾಕಿದ್ದಕ್ಕೇ ಏರಿದ್ದು, ಕಡಿಮೆ ನಂಬರಿಂದು ಮಾಡಿಸು ಅಂತಾರೆ. ನಮ್ಮನೆಯವ್ರಿಗೂ ಅದೇ ಸರಿ ಕಾಣ್ತಿದೆ. ಈ ಸಲ ಅಡಿಕೆಗೆ ಕೊಳೆ ಬಂದು ಕೈ ಬಿಗಿ ಇದೆ. ಆದ್ರೂ ನಿಜವಾಗ್ಲೂ ಪ್ರಯೋಜನ ಇದ್ರೆ ಹೇಗಾದ್ರೂ ಹೊಂದಿಸ್ತೀನಿ.

ಚಿಕ್ಕವನಿಗೆ 6. ಅವನಿಗಿನ್ನೂ ಏನಿಲ್ಲ. ಬರದ ಹಾಗೆ ಈಗಲೇ ಎಂತಾದ್ರೂ ಮಾಡಬಹುದಾ?

ಶಿವಮೊಗ್ಗ ಆಪ್ಟೋಮೆಟ್ರಿಸ್ಟ್:
ಕಡಿಮೆ ನಂಬರ್ ಮಾತ್ರ ದಯವಿಟ್ಟು ಮಾಡಿಸಬೇಡಿ ಮೇಡಂ. ಮಲೇಷ್ಯಾದಲ್ಲಿ ಬೇಕಂತಲೇ ಮಕ್ಕಳಿಗೆ 0.75 ಕಡಿಮೆ ಕೊಟ್ಟು ನೋಡಿದ್ರು. 2002ರಲ್ಲಿ ಅದು ಪ್ರಕಟವಾಯ್ತು: ಪೂರ್ತಿ ನಂಬರ್ ಹಾಕಿದವರಿಗಿಂತ ಆ ಮಕ್ಕಳಿಗೇ ಹೆಚ್ಚು ಏರಿತ್ತು. ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೀತಿರೋದು ಮೂಲ. ಒಂದು ಮಿಲಿಮೀಟರ್ ಹೆಚ್ಚಾದ್ರೆ ಸುಮಾರು ಎರಡೂವರೆ ಪವರ್ ಏರತ್ತೆ. ಮಾಮೂಲಿ ಕನ್ನಡಕ ಆ ಬೆಳವಣಿಗೆಯನ್ನ ತಡೆಯಲ್ಲ, ಕಾಣೋದನ್ನ ಸರಿ ಮಾಡತ್ತೆ ಅಷ್ಟೆ.

ನಿಮಗೆ ಹೇಳಿದ ಲೆನ್ಸಿನ ನಡುವೆ ಸ್ಪಷ್ಟ ಜಾಗ, ಸುತ್ತ ನೂರಾರು ಪುಟ್ಟ ಪುಟ್ಟ ಲೆನ್ಸು ಇರತ್ತೆ. ಅವು ಒಂದಷ್ಟು ಬೆಳಕನ್ನ ರೆಟಿನಾದ (ಕಣ್ಣಿನ ಹಿಂದಿನ ಪರದೆ) ಮುಂದೆಯೇ ಕೂಡಿಸ್ತವೆ, ಅದರಿಂದ ಕಣ್ಣು ಉದ್ದವಾಗೋದು ನಿಧಾನ ಆಗತ್ತೆ. ಹಾಂಕಾಂಗ್‌ನಲ್ಲಿ ಇಂಥ ಒಂದು ಲೆನ್ಸನ್ನ 8ರಿಂದ 13 ವರ್ಷದ ಮಕ್ಕಳಿಗೆ 2 ವರ್ಷ ಹಾಕಿ ನೋಡಿದಾಗ ಮಾಮೂಲಿ ಕನ್ನಡಕದವರಿಗಿಂತ ಏರಿಕೆ ಶೇ. 52 ಕಡಿಮೆ ಇತ್ತು. ಬಂದ ಪವರ್ ಇಳಿಯಲ್ಲ. ಬೆಳಿಗ್ಗೆ ಎದ್ದಾಗಿಂದ ಮಲಗೋ ತನಕ ಹಾಕಿರಬೇಕು, ಫ್ರೇಮ್ ಮೂಗಿನ ಮೇಲಿಂದ ಜಾರಬಾರದು. ಹಾಕಿಸೋ ಮುಂಚೆ ಕಣ್ಣಿನ ಉದ್ದ ಅಳೆಸಿ ಚೀಟಿ ಇಟ್ಕೊಳ್ಳಿ. 6 ತಿಂಗಳಿಗೊಮ್ಮೆ ಅಳೆಸಿದ್ರೆ ನಿಮ್ಮ ದುಡ್ಡು ಕೆಲಸ ಮಾಡ್ತಿದೆಯಾ ಅಂತ ನಿಮಗೇ ಕಾಣತ್ತೆ.

ಸಾಗರದ ಅಪ್ಪ:
ನನ್ನ ಮಗನಿಗೆ ಒಂದೂವರೆ ವರ್ಷದಿಂದ ಇದೆ. ಮುಂಚೆ ವರ್ಷಕ್ಕೆ 0.75 ಏರ್ತಿತ್ತು, ಇಷ್ಟು ದಿನದಲ್ಲಿ 0.50 ಏರಿದೆ. ಮೊದಲ ವಾರ ಬದಿಗೆ ಮಸುಕು ಅಂತಿದ್ದ, ಆಮೇಲೆ ಹೊಂದಿಕೊಂಡ. ಮಳೇಲಿ ನೆನೆದ ಕನ್ನಡಕವನ್ನ ಯೂನಿಫಾರ್ಮ್ ಅಂಗಿಯಲ್ಲಿ ಒರೆಸಿ ಗೀರು ಬಿತ್ತು, ಬ್ಯಾಗಲ್ಲಿ ಬಟ್ಟೆ ಇಟ್ಟು ಕಳಿಸಿ. ದುಡ್ಡು ಕಷ್ಟ ಆದ್ರೆ, ಪವರ್ ಏರೋದನ್ನ ನಿಧಾನ ಮಾಡೋಕೆ ರಾತ್ರಿ ಕಣ್ಣಿಗೆ ಹಾಕೋ ಅಟ್ರೋಪಿನ್ ಡ್ರಾಪ್ಸ್ ಬಗ್ಗೆ ಡಾಕ್ಟ್ರನ್ನ ಕೇಳಿ. ಮೆಡಿಕಲ್‌ನಿಂದ ನೀವೇ ತರಬೇಡಿ. 1% ಡ್ರಾಪ್ಸ್ ಬೇರೆ, ಇದಕ್ಕೆ ಕೊಡೋದು ತೀರಾ ತೆಳು.

ಹೊಸನಗರ ಟೀಚರ್:
ಚಿಕ್ಕವನ ಬಗ್ಗೆ ಹೇಳ್ತೀನಿ. ಚೀನಾದ ಗುವಾಂಗ್‌ಝೌನಲ್ಲಿ ಅವನ ವಯಸ್ಸಿನವರಿಗೇ ಶಾಲೆಯಲ್ಲಿ ದಿನಾ 40 ನಿಮಿಷ ಹೊರಗಿನ ಪಿರಿಯಡ್ ಸೇರಿಸಿದ್ರು. 3 ವರ್ಷದಲ್ಲಿ ಸಮೀಪದೃಷ್ಟಿ ಬಂದವರು ಶೇ. 30.4, ಸೇರಿಸದ ಶಾಲೆಗಳಲ್ಲಿ ಶೇ. 39.5. ನಮ್ಮಲ್ಲಿ ಜೂನ್ ಬಂತು ಅಂದ್ರೆ ಆಟದ ಪಿರಿಯಡ್ ಗಣಿತಕ್ಕೆ ಹೋಗತ್ತೆ, ಮನೆಗೆ ಬಂದ್ರೆ ಕರೆಂಟ್ ಇಲ್ಲದ ನಡುಮನೇಲಿ ಮೊಬೈಲು. ಮೋಡ ಕವಿದಿದ್ರೂ ಅಂಗಳದ ಬೆಳಕು ಒಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಜಾಸ್ತಿ. ಮಳೆ ಹೊಳವಾದ ಕೂಡ್ಲೆ ಆಚೆ ಬಿಡಿ, ಕೆಸರಾದ್ರೆ ತೊಳೆದ್ರಾಯ್ತು.

ತೀರ್ಥಹಳ್ಳಿ ಅಮ್ಮ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಲೇಷ್ಯಾದ ವಿಷಯ ಮನೆಯವ್ರಿಗೆ ಓದಿ ಹೇಳಿದೆ, ಕಡಿಮೆ ನಂಬರಿನ ಮಾತು ಬಿಟ್ರು. ಶನಿವಾರ ಉದ್ದ ಅಳೆಸೋಕೆ ಹೋಗ್ತಿದೀವಿ, ಚಿಕ್ಕವನನ್ನೂ ಕರ್ಕೊಂಡು. ಇವತ್ತು ಸಂಜೆ ಇಬ್ರೂ ಕೊಡೆ ಹಿಡ್ಕೊಂಡು ತೋಟದ ಹಳ್ಳದ ತನಕ ಹೋಗಿ ಬಂದ್ರು.